ಕ್ವೆರಿ ಓಡುತ್ತದೆ, ಲೆಕ್ಕ ಮಾತ್ರ ತಪ್ಪು: ರಸ್ತೆ ಕಾಮಗಾರಿ ಡೇಟಾದಲ್ಲಿ ದೋಷ ಹುಡುಕುವುದು ಹೇಗೆ

ಡೇಟಾಬೇಸನ್ನು ಕೇಳುವ ಪ್ರಶ್ನೆಗೆ ಕ್ವೆರಿ ಅಂತ ಹೆಸರು. ಎರರ್ ಬಂದ ಕ್ವೆರಿ ಸುಲಭ. ತಪ್ಪು ಎಲ್ಲಿದೆ ಅಂತ ಡೇಟಾಬೇಸೇ ಬೆರಳಿಟ್ಟು ತೋರಿಸುತ್ತದೆ. ತಲೆ ತಿನ್ನುವುದು ಎರರ್ ಇಲ್ಲದೆ ಓಡಿ ತಪ್ಪು ಸಂಖ್ಯೆ ಕೊಡುವ ಕ್ವೆರಿ. ಅಮೆರಿಕದ ರಸ್ತೆ ಕಾಮಗಾರಿ ಡೇಟಾದ ಮೇಲೆ ಎಸ್‌ಕ್ಯುಎಲ್ (ಕ್ವೆರಿ ಬರೆಯುವ ಭಾಷೆ) ಬರೆಯುವಾಗ ನನಗೆ ಸಿಕ್ಕ ದೋಷಗಳಲ್ಲಿ ಹೆಚ್ಚಿನವು ಈ ಎರಡನೇ ಬಗೆಯವು. ಈ ಡೇಟಾ ನೋಡಿ ಯಾರೋ ಲಾರಿಯ ದಾರಿ ಬದಲಿಸುತ್ತಾರೆ. ರಸ್ತೆ ಮೇಲಿಟ್ಟ ಕೋನ್‌ಗಳ ಆಚೆ ಕೆಲಸಗಾರರು ನಿಂತಿರುತ್ತಾರೆ. ಹಾಗಾಗಿ ಸುಮಾರು ಸರಿ ಅನ್ನೋ ಉತ್ತರ ಇಲ್ಲಿ ಸಾಲದು.

ಡೇಟಾ ಬಗ್ಗೆ ಮೊದಲು ಎರಡು ಮಾತು. ಕಾಮಗಾರಿ ಮಾಹಿತಿಯನ್ನು ಎಲ್ಲರೂ ಒಂದೇ ರೂಪದಲ್ಲಿ ಹಂಚಿಕೊಳ್ಳಲಿ ಅಂತ ಅಮೆರಿಕದ ಸಾರಿಗೆ ಇಲಾಖೆ ಬೆಳೆಸಿದ ಮಾದರಿಯ ಹೆಸರು ವರ್ಕ್ ಝೋನ್ ಡೇಟಾ ಎಕ್ಸ್‌ಚೇಂಜ್. ಚಿಕ್ಕದಾಗಿ ಡಬ್ಲ್ಯೂಝಡ್‌ಡಿಎಕ್ಸ್. ರಾಜ್ಯಗಳ ಸಾರಿಗೆ ಇಲಾಖೆಗಳು ಇದೇ ರೂಪದಲ್ಲಿ ಫೀಡ್ ಪ್ರಕಟಿಸುತ್ತವೆ. ಯಾವ ಫೀಡ್ ಎಲ್ಲಿ ಸಿಗುತ್ತದೆ ಎಂಬ ರಿಜಿಸ್ಟ್ರಿ ಕೇಂದ್ರ ಸಾರಿಗೆ ಇಲಾಖೆಯ ಓಪನ್ ಡೇಟಾ ತಾಣದಲ್ಲಿದೆ. ಫೀಡ್ ಅಂದರೆ ಒಂದು ಜಿಯೋಜೇಸನ್ ಕಡತ: ಹೆಸರು ಮತ್ತು ಮೌಲ್ಯಗಳ ಜೋಡಿಯಾಗಿ ಡೇಟಾ ಬರೆಯುವ ಜೇಸನ್ ಎಂಬ ಪಠ್ಯ ರೂಪ, ಜೊತೆಗೆ ನಕ್ಷೆಯ ಬಿಂದುಗಳು. ಅದರೊಳಗೆ ಫೀಚರ್ಸ್ ಎಂಬ ಪಟ್ಟಿ. ಒಂದೊಂದು ಫೀಚರ್ ಒಂದೊಂದು ರೋಡ್ ಇವೆಂಟ್.

ನಾನು ಬಳಸುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್, ಜೊತೆಗೆ ಅದಕ್ಕೆ ನಕ್ಷೆಯ ಲೆಕ್ಕ ಸೇರಿಸುವ ಪೋಸ್ಟ್‌ಜಿಐಎಸ್. ಕೆಳಗೆ ಹೇಳಿದ್ದೆಲ್ಲ ಅದನ್ನು ಇಟ್ಟುಕೊಂಡೇ. ಫೀಡಿನಿಂದ ಬಂದ ಜೇಸನ್ ಅನ್ನು ಹಾಗೇ ಒಂದು ಕಚ್ಚಾ ಟೇಬಲ್‌ಗೆ ಹಾಕುತ್ತೇನೆ. ಯಾವ ಫೀಡ್, ಎಷ್ಟು ಹೊತ್ತಿಗೆ ತಂದದ್ದು ಎಂಬ ಎರಡು ಕಾಲಮ್ ಪಕ್ಕದಲ್ಲಿರುತ್ತವೆ. ಅದರ ಮೇಲೆ ಒಂದು ವ್ಯೂ. ಇವೆಂಟುಗಳನ್ನು ಬಿಡಿಸಿ ಸಾಲುಗಳಾಗಿ ತೋರಿಸುವುದು ಅದರ ಕೆಲಸ. ದಯವಿಟ್ಟು ಕಚ್ಚಾ ಜೇಸನ್ ಬಿಸಾಡಬೇಡಿ. ದೋಷ ಹುಡುಕುವ ದಿನ ಕೈಹಿಡಿಯುವುದು ಅದೇ. ಇನ್ನೊಂದು ಮಾತು: ಫೀಲ್ಡ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಫೀಡಿನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ.

ಮೊದಲ ಕೆಲಸ: ಒಂದು ಐಡಿ ಹಿಡಿಯಿರಿ

ಲೆಕ್ಕ ತಪ್ಪಿದಾಗ ಎಲ್ಲರ ಕೈಯೂ ಮೊದಲು ಕ್ವೆರಿಯಲ್ಲಿ ಷರತ್ತು ಹೇಳುವ ವೇರ್ ಭಾಗಕ್ಕೆ ಹೋಗುತ್ತದೆ. ಇದನ್ನು ತೆಗೆ, ಅದನ್ನು ಸೇರಿಸು, ಮತ್ತೆ ಓಡಿಸು. ಸಂಖ್ಯೆ ಬದಲಾಗುತ್ತದೆ, ಆದರೆ ಯಾಕೆ ಬದಲಾಯಿತು ಅಂತ ಗೊತ್ತಾಗುವುದಿಲ್ಲ. ಹೀಗೆ ಮಾಡಬೇಡಿ. ಈಗ ಖಂಡಿತ ನಡೆಯುತ್ತಿದೆ ಅಂತ ನಿಮಗೆ ಗೊತ್ತಿರುವ ಒಂದೇ ಒಂದು ಕಾಮಗಾರಿಯನ್ನು ಆರಿಸಿ. ರಾಜ್ಯದ ಸಂಚಾರ ನಕ್ಷೆಯಲ್ಲಿ ಕಾಣುವ ಒಂದು ಸಾಕು. ಕಚ್ಚಾ ಜೇಸನ್‌ನಲ್ಲಿ ಅದರ ಐಡಿ ಹುಡುಕಿ. ಆಮೇಲೆ ಆ ಐಡಿ ನಿಮ್ಮ ಕ್ವೆರಿಯ ಪ್ರತಿ ಹಂತದಲ್ಲೂ ಎಷ್ಟು ಸಾಲಾಗಿ ಬರುತ್ತದೆ ಅಂತ ಎಣಿಸಿ. ಪ್ರತಿ ಹಂತದಲ್ಲೂ ಉತ್ತರ 1 ಇರಬೇಕು. 1 ಎಲ್ಲಿ 0 ಆಯಿತೋ, ಎಲ್ಲಿ 4 ಆಯಿತೋ, ದೋಷ ಆ ಹಂತದ್ದು.

ನನ್ನ ಒಂದು ಪ್ರಕರಣವನ್ನೇ ಹೇಳುತ್ತೇನೆ. ಅಮೆರಿಕದ ಮಧ್ಯಭಾಗದ ಸೆಂಟ್ರಲ್ ಟೈಮ್ ಪಾಲಿಸುವ ಒಂದು ರಾಜ್ಯದ ಫೀಡ್. ಐ-80 ಹೆದ್ದಾರಿಯ ಪೂರ್ವ ದಿಕ್ಕಿನಲ್ಲಿ ಈ ಕ್ಷಣ ಎಷ್ಟು ಕಾಮಗಾರಿ ನಡೆಯುತ್ತಿವೆ ಅಂತ ಕೇಳಿದೆ. ಅಲ್ಲಿನ ಸಮಯ ರಾತ್ರಿ 10. ನಕ್ಷೆಯಲ್ಲಿ ಕಾಮಗಾರಿ ಕಾಣುತ್ತಿದೆ, ನನ್ನ ಉತ್ತರ ಸೊನ್ನೆ. ಅದರ ಐಡಿ ಹಿಡಿದು ಎಣಿಸಿದೆ. ಕಚ್ಚಾ ಟೇಬಲ್‌ನ ಕೊನೆಯ ಕಡತದಲ್ಲಿ 1. ರಸ್ತೆ ಹೆಸರಿನ ಫಿಲ್ಟರ್ ದಾಟಿಯೂ ಇತ್ತು. ಸಮಯದ ಫಿಲ್ಟರ್ ಹಾಕಿದ ಮೇಲೆ 0. ಹಾಗಾದರೆ ಉಳಿದದ್ದನ್ನು ಮುಟ್ಟುವ ಅಗತ್ಯವೇ ಇಲ್ಲ ಅಲ್ವಾ? ಸಮಯದ ಕಥೆ ಸ್ವಲ್ಪ ಮುಂದೆ ಬರುತ್ತದೆ. ಅದಕ್ಕೂ ಮೊದಲಿನ ಹಂತಗಳಲ್ಲೇ ಸೊನ್ನೆ ಬಂದರೆ ಏನು ನೋಡಬೇಕು ಅಂತ ಹೇಳಿಬಿಡುತ್ತೇನೆ.

ಉತ್ತರ ಸೊನ್ನೆ ಬಂದರೆ

ಡೇಟಾ ಬಂದಿದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಫೀಚರ್ಸ್ ಪಟ್ಟಿಯ ಉದ್ದ ಎಷ್ಟು ಅಂತ ಕಚ್ಚಾ ಟೇಬಲ್‌ನಲ್ಲೇ ಕೇಳಿ. ಕೆಲವು ಫೀಡ್‌ಗಳಿಗೆ ಎಪಿಐ ಕೀ (ಡೇಟಾ ಕೇಳುವಾಗ ಕೊಡುವ ಗುರುತಿನ ಸಂಕೇತ) ಬೇಕು. ರಿಜಿಸ್ಟ್ರಿಯಲ್ಲಿ ಅದಕ್ಕೆಂದೇ ಒಂದು ಕಾಲಮ್ ಇದೆ, ಫೀಡ್ ಚಾಲ್ತಿಯಲ್ಲಿದೆಯೇ ಎಂಬುದಕ್ಕೆ ಇನ್ನೊಂದು. ಕೀ ಇಲ್ಲದೆ ಕೇಳಿದರೆ ಅನುಮತಿ ಇಲ್ಲ ಎಂಬ ಉತ್ತರವೂ ಜೇಸನ್ ರೂಪದಲ್ಲೇ ಬರಬಹುದು. ಅದನ್ನು ನೀವು ಸುಮ್ನೆ ಟೇಬಲ್‌ಗೆ ತುಂಬಿರುತ್ತೀರಿ. ಸರ್ಕಾರಿ ಡೇಟಾ ಪ್ರಕಟಿಸಲು ಬಳಸುವ ಸೋಕ್ರಾಟಾ ವೇದಿಕೆಯಲ್ಲಿರುವ ಡೇಟಾ ಆದರೆ ಇನ್ನೊಂದು ಎಚ್ಚರಿಕೆ. ಅದರ ಎರಡನೇ ಆವೃತ್ತಿಯ ಎಪಿಐಗೆ ಲಿಮಿಟ್ ಹೇಳದಿದ್ದರೆ 1000 ಸಾಲಿಗೆ ನಿಂತುಬಿಡುತ್ತದೆ. ನಿಮ್ಮ ಟೇಬಲ್‌ನಲ್ಲಿ ಸರಿಯಾಗಿ 1000 ಸಾಲಿದ್ದರೆ ಅನುಮಾನ ಪಡಿ.

ಕಡತ ಸರಿ ಇದೆ, ಆದರೆ ವ್ಯೂನಲ್ಲಿ ಕಾಲಮ್‌ಗಳೆಲ್ಲ ಖಾಲಿ. ಇದು ಆವೃತ್ತಿಯ ತೊಂದರೆ. 2022ರಲ್ಲಿ ಬಂದ 4.0 ಆವೃತ್ತಿಯಲ್ಲಿ ರಸ್ತೆಯ ಹೆಸರು, ದಿಕ್ಕು, ಇವೆಂಟಿನ ಬಗೆ ಇವೆಲ್ಲ ಪ್ರಾಪರ್ಟೀಸ್ ಒಳಗಿನ ಕೋರ್ ಡೀಟೇಲ್ಸ್ ಎಂಬ ಗೂಡಿಗೆ ಹೋದವು. ಹಳೆಯ ಫೀಡ್‌ಗಳಲ್ಲಿ ಅವು ನೇರವಾಗಿ ಪ್ರಾಪರ್ಟೀಸ್‌ನಲ್ಲೇ ಇದ್ದವು. ಐಡಿ ಕೂಡ ಹಾಗೆಯೇ: ಹಳೆಯದರಲ್ಲಿ ರೋಡ್ ಇವೆಂಟ್ ಐಡಿ ಎಂಬ ಹೆಸರಿನಲ್ಲಿ ಪ್ರಾಪರ್ಟೀಸ್ ಒಳಗೆ, ಹೊಸದರಲ್ಲಿ ಫೀಚರ್‌ನ ಮಟ್ಟದಲ್ಲೇ. ಫೀಡಿನ ವಿವರ ಹೇಳುವ ಭಾಗದ ಹೆಸರು ಮೊದಲು ರೋಡ್ ಇವೆಂಟ್ ಫೀಡ್ ಇನ್ಫೋ, ನಂತರದ ಆವೃತ್ತಿಗಳಲ್ಲಿ ಬರೀ ಫೀಡ್ ಇನ್ಫೋ. ಜೇಸನ್‌ನಲ್ಲಿ ಇಲ್ಲದ ಹೆಸರು ಕೇಳಿದರೆ, ಮೌಲ್ಯ ತೆಗೆಯುವ ->> ಚಿಹ್ನೆ ಎರರ್ ಕೊಡುವುದಿಲ್ಲ, ಮೌಲ್ಯ ಇಲ್ಲ ಎಂಬರ್ಥದ ನಲ್ ಕೊಡುತ್ತದೆ. ಈ ಡೇಟಾದಲ್ಲಿ ಸದ್ದಿಲ್ಲದೆ ಆಗುವ ತಪ್ಪುಗಳಿಗೆ ದೊಡ್ಡ ಮೂಲ ಇದೇ. ಎರಡೂ ದಾರಿಗಳನ್ನು, ನಲ್ ಅಲ್ಲದ ಮೊದಲ ಮೌಲ್ಯ ಕೊಡುವ ಕೋಅಲೆಸ್ ಒಳಗೆ ಕೊಟ್ಟು, ಜೊತೆಗೆ ಆವೃತ್ತಿ ಸಂಖ್ಯೆಯನ್ನೂ ಒಂದು ಕಾಲಮ್ ಆಗಿ ಇಟ್ಟುಕೊಳ್ಳಿ. ಮುಂದೊಂದು ದಿನ ಫೀಡ್ ಆವೃತ್ತಿ ಬದಲಿಸಿದರೆ ಆ ಕಾಲಮ್ ಕೂಡಲೇ ಹೇಳುತ್ತದೆ.

ಬಾಣದ ಚಿಹ್ನೆಗಳಲ್ಲೂ ಒಂದು ಸೂಕ್ಷ್ಮ ಇದೆ. -> ಬಳಸಿದರೆ ಸಿಗುವುದು ಜೇಸನ್, ->> ಬಳಸಿದರೆ ಪಠ್ಯ. ಮೊದಲನೆಯದನ್ನು ಬಳಸಿ ಆಮೇಲೆ ಟೆಕ್ಸ್ಟ್‌ಗೆ ಬದಲಿಸಿದರೆ, ಎರಡು ಬದಿಯ ಉದ್ಧರಣ ಚಿಹ್ನೆಗಳೂ ಪಠ್ಯದ ಭಾಗವಾಗಿ ಉಳಿಯುತ್ತವೆ. ಕಣ್ಣಿಗೆ ಒಂದೇ ಥರ ಕಂಡರೂ ಹೋಲಿಕೆ ಯಾವತ್ತೂ ಹೊಂದುವುದಿಲ್ಲ.

ಇನ್ನು ರಸ್ತೆಯ ಹೆಸರು. ಇಲ್ಲಿ ನಾನು ಕಳೆದ ಹೊತ್ತು ಜಾಸ್ತಿ. ರೋಡ್ ನೇಮ್ಸ್ ಒಂದೇ ಹೆಸರಲ್ಲ, ಪಟ್ಟಿ. ಒಬ್ಬರು ಐ-80 ಅಂತ ಗೆರೆ ಹಾಕಿ ಬರೆದರೆ ಇನ್ನೊಬ್ಬರು ಗೆರೆ ಬಿಟ್ಟು ಬರೆಯುತ್ತಾರೆ, ಮತ್ತೊಬ್ಬರು ಇಂಟರ್‌ಸ್ಟೇಟ್ 80 ಅನ್ನುತ್ತಾರೆ. ಟೆಕ್ಸಾಸ್‌ನಲ್ಲಿ ಇಂಟರ್‌ಸ್ಟೇಟ್ ಹೆದ್ದಾರಿಯ ಸಂಖ್ಯೆಯ ಮುಂದೆ ಐಎಚ್ ಅಂತ ಬರೆಯುವುದು ರೂಢಿ. ಇದಕ್ಕೆ ಬೇಸತ್ತು, ಪಠ್ಯದ ತುಣುಕು ಹುಡುಕುವ ಲೈಕ್ ಹಾಕಿ 80 ಅಂತ ಹುಡುಕಿದರೆ ಕ್ಯಾಲಿಫೋರ್ನಿಯಾದಲ್ಲಿ ಐ-280, ಐ-580, ಐ-680, ಐ-880 ಎಲ್ಲವೂ ಬಲೆಗೆ ಬೀಳುತ್ತವೆ. ಐ-80 ಅಂತ ಪೂರ್ತಿ ಹಾಕಿ ಎರಡೂ ಬದಿ ಏನಿದ್ದರೂ ಸರಿ ಎಂಬರ್ಥದ ಶೇಕಡಾ ಚಿಹ್ನೆ ಇಟ್ಟರೆ ಸ್ಯಾನ್ ಡಿಯೇಗೋದ ಐ-805 ಒಳಗೆ ಬರುತ್ತದೆ.

ಆಗ ಅಕ್ಷರಗಳ ವಿನ್ಯಾಸ ಕೊಟ್ಟು ಪಠ್ಯ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಕಡೆ ತಿರುಗುತ್ತೇವೆ. ಅಲ್ಲಿಯೂ ಒಂದು ಹಳ್ಳ ಇದೆ. ಬೇರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪದದ ಅಂಚಿಗೆ ಬ್ಯಾಕ್‌ಸ್ಲ್ಯಾಶ್ ಬಿ ಬಳಸಿ ಅಭ್ಯಾಸವಾಗಿರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದರ ಅರ್ಥ ಬ್ಯಾಕ್‌ಸ್ಪೇಸ್ ಅಕ್ಷರ. ಪದದ ಅಂಚಿಗೆ ಇಲ್ಲಿ ಬ್ಯಾಕ್‌ಸ್ಲ್ಯಾಶ್ ವೈ. ಮೊದಲನೆಯದನ್ನು ಬರೆದರೆ ಎರರ್ ಬರುವುದಿಲ್ಲ, ಸೊನ್ನೆ ಸಾಲು ಬರುತ್ತದೆ. ನನ್ನ ಸಲಹೆ ಕೇಳಿದರೆ, ಪ್ರತಿ ಕ್ವೆರಿಯಲ್ಲೂ ಹೆಸರು ಸರಿಮಾಡುವುದನ್ನು ಬಿಡಿ. ಫೀಡಿನಲ್ಲಿರುವ ಬೇರೆ ಬೇರೆ ಹೆಸರುಗಳನ್ನೆಲ್ಲ ಡಿಸ್ಟಿಂಕ್ಟ್ ಹಾಕಿ ತೆಗೆದು, ಒಂದು ಚಿಕ್ಕ ಟೇಬಲ್ ಮಾಡಿ. ಫೀಡಿನ ಹೆಸರು ಒಂದು ಕಾಲಮ್, ನಿಮ್ಮ ಹೆಸರು ಇನ್ನೊಂದು. ಕೈಯಿಂದ ಮಾಡುವ ಕೆಲಸವೇ, ಆದರೆ ಒಮ್ಮೆ ಮಾಡಿದರೆ ಬಹಳ ದಿನ ಬಾಳುತ್ತದೆ.

ಸಮಯ

ನನ್ನ ಐ-80 ಪ್ರಕರಣಕ್ಕೆ ವಾಪಸ್ ಬರೋಣ. ಫೀಡಿನಲ್ಲಿ ಸ್ಟಾರ್ಟ್ ಡೇಟ್ ಮತ್ತು ಎಂಡ್ ಡೇಟ್ ಯುಟಿಸಿ ಎಂಬ ಜಾಗತಿಕ ಮಾನಕ ಸಮಯದಲ್ಲಿರುತ್ತವೆ. ಕೊನೆಯಲ್ಲಿರುವ ಝಡ್ ಅಕ್ಷರ ಅದನ್ನೇ ಹೇಳುತ್ತದೆ. ಬೇಸಿಗೆಯಲ್ಲಿ ಸೆಂಟ್ರಲ್ ಟೈಮ್ ಯುಟಿಸಿಗಿಂತ 5 ಗಂಟೆ ಹಿಂದೆ. ಅಲ್ಲಿ ರಾತ್ರಿ 9ಕ್ಕೆ ಶುರುವಾಗುವ ಲೇನ್ ಮುಚ್ಚುವಿಕೆ ಫೀಡಿನಲ್ಲಿ ಮರುದಿನದ 02:00 ಅಂತ ಕಾಣುತ್ತದೆ. ಬೆಳಗಿನ ಜಾವ 5ಕ್ಕೆ ಮುಗಿಯುವುದು 10:00 ಅಂತ.

ನಾನು ಆ ಕಾಲಮ್‌ಗೆ ಟೈಮ್‌ಝೋನ್ ಇಲ್ಲದ ಟೈಮ್‌ಸ್ಟ್ಯಾಂಪ್ ಬಗೆ ಕೊಟ್ಟಿದ್ದೆ. ಆ ಬಗೆಗೆ ಝಡ್ ಇರುವ ಪಠ್ಯ ಕೊಟ್ಟರೆ ಪೋಸ್ಟ್‌ಗ್ರೆಸ್ ಝಡ್ ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರರೂ ಇಲ್ಲ, ಎಚ್ಚರಿಕೆಯೂ ಇಲ್ಲ. ಉಳಿಯುವುದು ಬರೀ 02:00. ಆಮೇಲೆ ಅದನ್ನು ಈಗಿನ ಸಮಯ ಕೊಡುವ ನೌ ಜೊತೆ ಹೋಲಿಸಿದಾಗ, ಸೆಶನ್‌ನ ಟೈಮ್‌ಝೋನ್ ಶಿಕಾಗೋ (ಅಂದರೆ ಸೆಂಟ್ರಲ್ ಟೈಮ್) ಆಗಿದ್ದರಿಂದ, ಇದು ಶಿಕಾಗೋದ ರಾತ್ರಿ 2 ಗಂಟೆ ಅಂತ ಡೇಟಾಬೇಸ್ ತಿಳಿದುಕೊಂಡಿತು. ರಸ್ತೆಯಲ್ಲಿ 9ಕ್ಕೆ ಶುರುವಾದ ಕೆಲಸ ನನ್ನ ಕ್ವೆರಿಯಲ್ಲಿ 2ಕ್ಕೆ ಶುರು. ರಾತ್ರಿ 10ಕ್ಕೆ ಕೇಳಿದರೆ ಸೊನ್ನೆ. ಬೆಳಿಗ್ಗೆ 9ಕ್ಕೆ ಕೇಳಿದ್ದರೆ, ಕೋನ್‌ಗಳನ್ನೆಲ್ಲ ಎತ್ತಿದ ಮೇಲೂ ಕಾಮಗಾರಿ ನಡೆಯುತ್ತಿದೆ ಅಂತ ಹೇಳುತ್ತಿತ್ತು. ಹಗಲು ಹೊತ್ತಿನಲ್ಲಿ ಪರೀಕ್ಷೆ ಮಾಡಿದಾಗ ಎಷ್ಟೋ ಸಾಲುಗಳು ಸರಿಯಾಗಿಯೇ ಕಾಣುತ್ತಿದ್ದವು, ಯಾಕೆಂದರೆ ತಿಂಗಳುಗಟ್ಟಲೆ ನಡೆಯುವ ಕಾಮಗಾರಿಗೆ 5 ಗಂಟೆಯ ವ್ಯತ್ಯಾಸ ತಿಳಿಯುವುದೇ ಇಲ್ಲ. ಪೆಟ್ಟು ಬೀಳುವುದು ರಾತ್ರಿ ಕೆಲಸಕ್ಕೆ.

ಸರಿಪಡಿಸಲು ಕಾಲಮ್‌ನ ಬಗೆಯನ್ನು ಟೈಮ್‌ಝೋನ್ ಗಮನಿಸುವ ಟೈಮ್‌ಸ್ಟ್ಯಾಂಪ್‌ಟಿಝಡ್ ಮಾಡಿ. ಈಗಾಗಲೇ ತುಂಬಿರುವ ಹಳೆಯ ಮೌಲ್ಯಗಳನ್ನು ಬದಲಿಸುವಾಗ ಅಟ್ ಟೈಮ್ ಝೋನ್ ಯುಟಿಸಿ ಅಂತ ಹೇಳಿ, ಇಲ್ಲದಿದ್ದರೆ ಅದೇ ತಪ್ಪು ಕಾಯಂ ಆಗುತ್ತದೆ. ಈ ಅಟ್ ಟೈಮ್ ಝೋನ್ ಎರಡು ಕಡೆಗೂ ಕೆಲಸ ಮಾಡುತ್ತದೆ. ಝೋನ್ ಇಲ್ಲದ ಸಮಯಕ್ಕೆ ಹಾಕಿದರೆ ಝೋನ್ ಸೇರಿಸುತ್ತದೆ, ಝೋನ್ ಇರುವುದಕ್ಕೆ ಹಾಕಿದರೆ ಆ ಊರಿನ ಗಡಿಯಾರಕ್ಕೆ ತಿರುಗಿಸಿ ಝೋನ್ ಕಳಚುತ್ತದೆ. ತಿಳಿಯದೆ ಎರಡು ಸಲ ಹಾಕಿದರೆ ಸಮಯ ತಪ್ಪು ದಿಕ್ಕಿಗೆ ಸರಿಯುತ್ತದೆ.

ದಿನದ ಪ್ರಕಾರ ಗ್ರೂಪ್ ಬೈ ಮಾಡುವಾಗ ಮೊದಲು ಸ್ಥಳೀಯ ಸಮಯಕ್ಕೆ ತಿರುಗಿಸಿ, ಆಮೇಲೆ ದಿನಾಂಕ ತೆಗೆಯಿರಿ. ಮೈನಸ್ 5 ಅಂತ ಅಂಕಿ ಹಾಕಬೇಡಿ, ಟೈಮ್‌ಝೋನ್‌ನ ಹೆಸರು ಹಾಕಿ. ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ಸರಿಯುತ್ತದೆ. ಅಂಕಿ ಹಾಕಿದ್ದರೆ ಚಳಿಗಾಲದ ಸುಮಾರು ನಾಲ್ಕು ತಿಂಗಳು ನಿಮ್ಮ ಲೆಕ್ಕ ಒಂದು ಗಂಟೆ ಆಚೀಚೆ. ಇಂಡಿಯಾನಾ, ಟೆನೆಸಿಯಂಥ ರಾಜ್ಯಗಳು ಎರಡು ಟೈಮ್‌ಝೋನ್‌ಗಳಲ್ಲಿ ಹರಡಿವೆ. ಹಾಗಾಗಿ ರಾಜ್ಯಕ್ಕೊಂದು ಝೋನ್ ಎಂಬ ಟೇಬಲ್ ಎಲ್ಲ ಕಡೆ ನಡೆಯುವುದಿಲ್ಲ.

ಉತ್ತರ ಜಾಸ್ತಿ ಬಂದರೆ

ಸಮಯ ಸರಿಮಾಡಿ ಮತ್ತೆ ಓಡಿಸಿದೆ. ಹಿಡಿದಿದ್ದ ಒಂದೇ ಐಡಿಗೆ ಈಗ 12 ಸಾಲು ಬಂತು. ಇಂಥ ಹೊತ್ತಿನಲ್ಲಿ ಸಂಖ್ಯೆಯನ್ನು ಒಡೆದು ನೋಡಿ. 12 ಅಂದರೆ 3 ಸಲ 4. ಆ ರಸ್ತೆಯಲ್ಲಿ 3 ಲೇನ್. ಅವತ್ತು ಫೀಡ್ ತಂದದ್ದು 4 ಸಲ. ಎರಡು ದೋಷ ಒಂದರ ಮೇಲೊಂದು ಕೂತಿದ್ದವು.

ಲೇನ್‌ನದ್ದು ಮೊದಲು. ಲೇನ್ಸ್ ಎಂಬುದು ಇವೆಂಟಿನ ಒಳಗಿನ ಪಟ್ಟಿ. ಮುಚ್ಚಿದ ಲೇನ್ ಇದೆಯೇ ಅಂತ ನೋಡಲು ಆ ಪಟ್ಟಿಯನ್ನು ಬಿಡಿಸಿದ್ದೆ. ಬಿಡಿಸಿದರೆ ಇವೆಂಟ್ ಲೇನ್‌ಗೊಂದು ಸಾಲಾಗುತ್ತದೆ. ನನ್ನ ಇವೆಂಟಿನಲ್ಲಿ ಮೂರೂ ಲೇನ್ ಮುಚ್ಚಿದ್ದವು, ಮೂರೂ ಸಾಲು ಉಳಿದವು. ಇದರ ಇನ್ನೊಂದು ಮುಖ ಇನ್ನೂ ಕೆಟ್ಟದ್ದು. ಲೇನ್ಸ್ ಐಚ್ಛಿಕ ಫೀಲ್ಡ್. ಅದು ಇಲ್ಲದ ಅಥವಾ ಖಾಲಿ ಇರುವ ಇವೆಂಟನ್ನು ಫ್ರಮ್ ಭಾಗದಲ್ಲಿ ಅಲ್ಪವಿರಾಮ ಹಾಕಿ ಬಿಡಿಸಿದರೆ ಆ ಇವೆಂಟೇ ಮಾಯ. ಒಂದೇ ಕ್ವೆರಿ ಕೆಲವನ್ನು ಮೂರು ಮಾಡಿ, ಕೆಲವನ್ನು ಅಳಿಸಿ, ಒಟ್ಟು ಸಂಖ್ಯೆಯನ್ನು ನಂಬುವಂತೆ ತೋರಿಸಬಹುದು. ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಬಿಡಿಸಲೇಬೇಡಿ, ಎಕ್ಸಿಸ್ಟ್ಸ್ ಬಳಸಿ. ಲೇನ್‌ನ ವಿವರವೇ ಬೇಕಿದ್ದರೆ, ಲೇನ್ ಇಲ್ಲದ ಇವೆಂಟನ್ನೂ ಉಳಿಸುವ ಲೆಫ್ಟ್ ಜಾಯಿನ್ ಲ್ಯಾಟರಲ್, ಕೊನೆಗೆ ಆನ್ ಟ್ರೂ.

ನಾಲ್ಕು ಸಲ ತಂದದ್ದರ ತೊಂದರೆಗೆ ಹೆಚ್ಚಿನವರು ಹೇಳುವ ಮದ್ದು ಡಿಸ್ಟಿಂಕ್ಟ್ ಆನ್: ಪ್ರತಿ ಐಡಿಗೆ ಕೊನೆಯ ಸಾಲು ಮಾತ್ರ ಇಟ್ಟುಕೊಳ್ಳುವುದು. ನಾನೂ ಅದನ್ನೇ ಮಾಡಿದೆ, ಸಾಲು ಒಂದಾಯಿತು. ಆದರೆ ಯೋಚಿಸಿ. ಕೆಲಸ ಬೇಗ ಮುಗಿದು, ಇವೆಂಟನ್ನು ಫೀಡಿನಿಂದಲೇ ತೆಗೆದರು ಅಂತಿಟ್ಟುಕೊಳ್ಳಿ. ಆ ಐಡಿಯ ಕೊನೆಯ ಸಾಲು ನಿನ್ನೆ ತಂದ ಕಡತದಲ್ಲಿ, ಅಂದರೆ ನಿನ್ನೆಯ ಸ್ನ್ಯಾಪ್‌ಶಾಟ್‌ನಲ್ಲಿ ಕೂತಿರುತ್ತದೆ. ಎಂಡ್ ಡೇಟ್ ಮುಂದಿನ ತಿಂಗಳು ಅಂತಿದ್ದರೆ, ಇಲ್ಲದ ಕಾಮಗಾರಿ ಒಂದು ತಿಂಗಳು ನಿಮ್ಮ ಉತ್ತರದಲ್ಲಿ ಬದುಕಿರುತ್ತದೆ. ಸರಿಯಾದ ದಾರಿ ಬೇರೆ. ಪ್ರತಿ ಫೀಡಿಗೂ ತಂದ ಸಮಯಗಳಲ್ಲಿ ದೊಡ್ಡದು ಯಾವುದು ಅಂತ ಮೊದಲು ತೆಗೆಯಿರಿ, ಆ ಸ್ನ್ಯಾಪ್‌ಶಾಟ್‌ನ ಸಾಲುಗಳನ್ನು ಮಾತ್ರ ಓದಿ. ತರುವಾಗಲೇ ವಿಫಲವಾದ ಉತ್ತರವನ್ನು ಟೇಬಲ್‌ಗೆ ಹಾಕದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕೊನೆಯ ಸ್ನ್ಯಾಪ್‌ಶಾಟ್ ಖಾಲಿಯಾಗಿ ಇಡೀ ರಾಜ್ಯ ಕಾಣೆಯಾಗುತ್ತದೆ. ಹಲವು ಫೀಡ್‌ಗಳನ್ನು ಸೇರಿಸಿದ್ದರೆ ಬರೀ ಐಡಿಯನ್ನು ಸಾಲು ಗುರುತಿಸುವ ಕೀ ಮಾಡಬೇಡಿ. ಫೀಡಿನ ಹೆಸರು ಮತ್ತು ಐಡಿ ಎರಡೂ ಸೇರಿ ಕೀ ಆಗಬೇಕು.

ಇಷ್ಟಾದರೂ ಲೆಕ್ಕ ನಕ್ಷೆಗಿಂತ ದುಪ್ಪಟ್ಟು ಇದ್ದರೆ, ಅದು ದೋಷ ಅಲ್ಲದೆಯೂ ಇರಬಹುದು. ಈ ಮಾದರಿಯಲ್ಲಿ ಒಂದು ರೋಡ್ ಇವೆಂಟ್ ಒಂದೇ ದಿಕ್ಕಿನದು. ಪೂರ್ವ, ಪಶ್ಚಿಮ ಎರಡೂ ಕಡೆ ಕೆಲಸ ಇದ್ದರೆ ಎರಡು ಇವೆಂಟ್. ದಾರಿಯ ಮಧ್ಯೆ ಲೇನ್‌ಗಳ ಸ್ಥಿತಿ ಬದಲಾದರೆ ಇನ್ನೂ ತುಂಡಾಗಬಹುದು. ಡೀಟೂರ್ (ಬದಲಿ ದಾರಿ) ಕೂಡ ಅದೇ ಪಟ್ಟಿಯಲ್ಲಿ ಬೇರೆ ಇವೆಂಟ್ ಆಗಿ ಬರುತ್ತದೆ, ಆದ್ದರಿಂದ ಇವೆಂಟ್ ಟೈಪ್ ನೋಡದೆ ಎಣಿಸಬೇಡಿ. ನಿಮ್ಮ ವರದಿಯಲ್ಲಿ ಕಾಮಗಾರಿ ಅನ್ನುವ ಬದಲು ರೋಡ್ ಇವೆಂಟ್ ಅಂತಲೇ ಬರೆದರೆ ಓದುವವರಿಗೂ ಗೊಂದಲ ಇಲ್ಲ.

ನಲ್, ಅನ್‌ನೋನ್, ಮತ್ತು ಜಾಯಿನ್

ಇದನ್ನು ಬೇಗ ಹೇಳುತ್ತೇನೆ. ವಾಹನಗಳಿಗೆ ಆಗುವ ತೊಡಕು ಹೇಳುವ ವೆಹಿಕಲ್ ಇಂಪ್ಯಾಕ್ಟ್ ಫೀಲ್ಡ್‌ನಲ್ಲಿ ಎಲ್ಲ ಲೇನ್ ತೆರೆದಿದೆ ಎಂಬುದಲ್ಲದ ಸಾಲುಗಳು ಬೇಕು ಅಂತ ಸಮವಲ್ಲ ಎಂಬ ಚಿಹ್ನೆ <> ಹಾಕಿದರೆ, ನಲ್ ಇರುವ ಸಾಲುಗಳು ಬಿದ್ದುಹೋಗುತ್ತವೆ. ಅದೇ ಅನ್‌ನೋನ್ ಎಂಬ ಮೌಲ್ಯ ಪಠ್ಯ, ಅದು ಒಳಗೆ ಉಳಿಯುತ್ತದೆ. ಎರಡನ್ನೂ ಬೇರೆಯಾಗಿ ಎಣಿಸಿ. ನಲ್ ಜಾಸ್ತಿ ಇದ್ದರೆ ಮತ್ತೆ ಆವೃತ್ತಿಯ ದಾರಿ ನೋಡಿ. ರಿಜಿಸ್ಟ್ರಿಗೆ ಇವೆಂಟುಗಳನ್ನು ಲೆಫ್ಟ್ ಜಾಯಿನ್ ಮಾಡಿ, ಇವೆಂಟಿನ ಷರತ್ತನ್ನು ವೇರ್‌ನಲ್ಲಿ ಇಟ್ಟರೆ, ಇವೆಂಟ್ ಇಲ್ಲದ ಫೀಡ್‌ಗಳು ಪಟ್ಟಿಯಿಂದ ಹೋಗುತ್ತವೆ. ಷರತ್ತು ಆನ್ ಒಳಗೆ ಇರಲಿ. ಎಣಿಕೆಗೆ ನಕ್ಷತ್ರದ ಬದಲು ಇವೆಂಟಿನ ಐಡಿ ಹಾಕಿ, ಇಲ್ಲವಾದರೆ ಏನೂ ಇಲ್ಲದ ಫೀಡಿಗೆ 1 ಅಂತ ಬರುತ್ತದೆ.

ಹತ್ತಿರ ಇದ್ದರೂ ಸಿಗದ ಕಾಮಗಾರಿ

ಒಂದು ಜಾಗದ 500 ಮೀಟರ್ ಒಳಗಿನ ಕಾಮಗಾರಿ ಕೇಳಿದರೆ ಇಡೀ ದೇಶದ್ದು ಬಂತೇ? ಜಾಮೆಟ್ರಿ ಬಗೆಯಲ್ಲಿ ಅಂತರ ಡಿಗ್ರಿಗಳಲ್ಲಿರುತ್ತದೆ. 500 ಡಿಗ್ರಿ ಅಂದರೆ ಭೂಮಿಯೆಲ್ಲ ಬಂತು. ಜಿಯಾಗ್ರಫಿ ಬಗೆಗೆ ಬದಲಿಸಿ, ಆಗ ಮೀಟರ್ ಆಗುತ್ತದೆ. ಏನೂ ಬರಲಿಲ್ಲವೇ? ಜಿಯೋಜೇಸನ್‌ನಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ನಕ್ಷೆಯಿಂದ ನಕಲು ಮಾಡಿದ ನಿಮ್ಮ ಬಿಂದು ಬಹುಶಃ ತಿರುಗಾಮುರುಗಾ ಇದೆ. ರೇಖಾಂಶ ಮೈನಸ್ 93 ಇರುವ ಜಾಗವನ್ನು ತಿರುಗಿಸಿ ಕೊಟ್ಟರೆ, ಅಕ್ಷಾಂಶ 90 ದಾಟಲಾರದ ಕಾರಣ ಪೋಸ್ಟ್‌ಜಿಐಎಸ್ ಮೌಲ್ಯವನ್ನು ಮಿತಿಯೊಳಗೆ ತಂದೆ ಅಂತ ಒಂದು ನೋಟಿಸ್ ಕೊಡುತ್ತದೆ. ಅದು ಎರರ್ ಅಲ್ಲ ಅಂತ ಕಡೆಗಣಿಸಬೇಡಿ.

ಕೆಲವು ಕಾಮಗಾರಿ ಮಾತ್ರ ತಪ್ಪಿಹೋದರೆ ಆಕಾರ ನೋಡಿ. ಫೀಡ್‌ನಲ್ಲಿ ರಸ್ತೆಯ ಗೆರೆ ಲೈನ್‌ಸ್ಟ್ರಿಂಗ್ ಆಗಿ ಬರಬಹುದು, ಅಥವಾ ಮಲ್ಟಿಪಾಯಿಂಟ್ ಆಗಿ ಬರಬಹುದು. ಎರಡನೆಯದರಲ್ಲಿ ಇರುವುದು ಶುರು ಮತ್ತು ಕೊನೆ, ಎರಡೇ ಬಿಂದು. 12 ಕಿಲೋಮೀಟರ್ ಉದ್ದದ ಕಾಮಗಾರಿಯ ನಟ್ಟನಡುವೆ ನೀವು ನಿಂತಿದ್ದರೂ ಡೇಟಾಬೇಸ್ ಪ್ರಕಾರ ಅದು 6 ಕಿಲೋಮೀಟರ್ ದೂರ. ಎರಡು ಬಿಂದು ಸೇರಿಸಿ ಗೆರೆ ಎಳೆಯಬಹುದು, ಆದರೆ ರಸ್ತೆ ತಿರುವು ಹೊಡೆದ ಕಡೆ ಆ ಗೆರೆ ಹೊಲದ ಮೇಲೆ ಹೋಗುತ್ತದೆ. ಗೆರೆ ಎಳೆದು ಹುಡುಕುವ ಅಂತರವನ್ನು ಹೆಚ್ಚಿಸುವುದು, ಮತ್ತು ಆ ಸಾಲುಗಳಿಗೆ ಸ್ಥಳ ಅಂದಾಜು ಎಂಬ ಗುರುತು ಹಾಕುವುದು ನನಗೆ ಸರಿ ಅನಿಸಿದ ದಾರಿ.

ಕ್ವೆರಿ ಸರಿ, ಫೀಡೇ ತಪ್ಪು

ನನ್ನ ಐ-80 ಇವೆಂಟ್ ಕೊನೆಗೂ ಒಂದೇ ಸಾಲಾಗಿ ಬಂತು. ಕೆಲವು ದಿನಗಳ ನಂತರ ಅದೇ ಐಡಿ ಮತ್ತೆ ನೋಡಿದೆ. ಕಚ್ಚಾ ಜೇಸನ್‌ನಲ್ಲೇ ಅದು ಇನ್ನೂ ಚಾಲ್ತಿಯಲ್ಲಿತ್ತು, ನಕ್ಷೆಯಲ್ಲಿ ಇರಲಿಲ್ಲ. ಈ ಸಲ ಕ್ವೆರಿಯ ತಪ್ಪಲ್ಲ. ಇಂಥಲ್ಲಿ ಫೀಡ್ ಇನ್ಫೋ ತೆರೆದು ಅಪ್‌ಡೇಟ್ ಡೇಟ್ ನೋಡಿ. ಅಪ್‌ಡೇಟ್ ಫ್ರೀಕ್ವೆನ್ಸಿ ಸೆಕೆಂಡುಗಳಲ್ಲಿ ಇರುತ್ತದೆ. 60 ಅಂತ ಬರೆದು, ಅಪ್‌ಡೇಟ್ ಡೇಟ್ ಮೂರು ದಿನ ಹಳೆಯದಿದ್ದರೆ ಫೀಡ್ ನಿಂತಿದೆ. ನನ್ನ ಫೀಡ್ ನಿಂತಿತ್ತು. ದಿನಾಂಕ ಖಚಿತವೇ ಎಂದು ಹೇಳುವ ಈಸ್ ಎಂಡ್ ಡೇಟ್ ವೆರಿಫೈಡ್ ಫೀಲ್ಡ್ ಕೂಡ ನೋಡಿ. ಅದು ಫಾಲ್ಸ್ ಇದ್ದರೆ ಆ ದಿನಾಂಕ ಬರೀ ಯೋಜನೆಯದ್ದು.

ಅದೇ ಫೀಡ್ ಇನ್ಫೋದಲ್ಲಿ ಸಂಪರ್ಕದ ಇಮೇಲ್‌ಗೂ ಜಾಗ ಇದೆ. ತುಂಬಿದ್ದರೆ ಬರೆಯಿರಿ. ಬರೆಯುವಾಗ ಐಡಿ, ನೀವು ಫೀಡ್ ತಂದ ಸಮಯ ಯುಟಿಸಿಯಲ್ಲಿ, ಮತ್ತು ಕಚ್ಚಾ ಜೇಸನ್‌ನ ಆ ಒಂದು ಫೀಚರ್, ಇಷ್ಟನ್ನೇ ಹಾಕಿ. ನಿಮ್ಮ ಕ್ವೆರಿ ಕಳಿಸಬೇಡಿ, ಅವರಿಗೆ ಅದು ಬೇಕಿಲ್ಲ. ಉತ್ತರ ಬರುವವರೆಗೆ ಅಪ್‌ಡೇಟ್ ಡೇಟ್ ತೀರಾ ಹಳೆಯದಾದ ಫೀಡುಗಳನ್ನು ಈಗ ನಡೆಯುತ್ತಿರುವ ಕಾಮಗಾರಿಗಳ ಲೆಕ್ಕದಿಂದ ಹೊರಗಿಟ್ಟು, ಹೊರಗಿಟ್ಟಿದ್ದೇವೆ ಅಂತ ಉತ್ತರದ ಪಕ್ಕದಲ್ಲೇ ಕಾಣುವಂತೆ ಒಂದು ಕಾಲಮ್‌ನಲ್ಲಿ ಬರೆಯಿರಿ.